ಒಗಟಿನ ಬಾರ್ಟ್ಲಿಗೆ ಹತ್ತಿದ ಹೊಟ್ಟೆಕಿಚ್ಚು

ನಮ್ಮ ಡೂಲಾ ಊರಿಗೆ ಬಂದು ಬಾರ್ಟ್ಲಿ ಮ್ಯಾನಿಯನ್ನನ ಮನೆ ಎಲ್ಲಿ ಎಂದು ಕೇಳಿದರೆ, ‘ಯಾವ ಬಾರ್ಟ್ಲಿ?’ ಎಂಬ ಮರುಪ್ರಶ್ನೆ ಕಾದಿರುತ್ತಿತ್ತು. ಕೊನೆಮಾರ ಸೀಮೆಯ ಆ ಕಡಲಂಚಿನಲ್ಲಿ ಅರ್ಧ ಊರೇ ಮ್ಯಾನಿಯನ್ನರದ್ದು; ಅವರಲ್ಲಿ ಬಾರ್ಟ್ಲಿಗಳಿಗೇನೂ ಬರವಿರಲಿಲ್ಲ. ಕೆಂಪು ಕೂದಲಿನ ಬಾರ್ಟ್ಲಿ ಒಬ್ಬ, ದೋಣಿ ಬಾರ್ಟ್ಲಿ ಇನ್ನೊಬ್ಬ. ಆದರೆ ‘ಒಗಟಿನ ಬಾರ್ಟ್ಲಿ’ ಎಂದರೆ ಸಾಕು, ಕೇಳಿದವನ ಕೈ ಹಿಡಿದುಕೊಂಡು ಹೋಗಿ ಬಾಗಿಲ ತನಕ ಬಿಟ್ಟು ಬರುವವರಿದ್ದರು. ಬಿಟ್ಟು ಬರುವ ನೆಪದಲ್ಲಿ ತಾವೂ ಒಳಗೆ ಹೋಗಿ ಕೂರುವ ಆಸೆ ಅವರದ್ದು.

ಬಾರ್ಟ್ಲಿಯ ಕಸುಬು ಗೋಡೆ ಕಟ್ಟುವುದು. ಗಾರೆಯಿಲ್ಲ, ಮಣ್ಣಿಲ್ಲ, ಹೊಲದಲ್ಲಿ ಸಿಕ್ಕ ಕಲ್ಲಿನ ಮೇಲೆ ಕಲ್ಲು ಕೂರಿಸಿ, ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟು ಕಟ್ಟುವ ಒಣಗೋಡೆ. ಕಟ್ಟುತ್ತ ಕಟ್ಟುತ್ತ ಬಾಯಲ್ಲೇನೋ ಗೊಣಗುತ್ತಿದ್ದ. ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವ ಚಳಿಗಾಲದಲ್ಲಿ ಆ ಗೊಣಗಾಟ ಒಗಟಾಗಿ ಅವನ ಒಲೆಯ ಮುಂದೆ ಹೊರಬೀಳುತ್ತಿತ್ತು.

“ದನ ಕಾಯ್ತಾನೆ, ಹೋ ಅನ್ನಲ್ಲ. ಮೈಯೆಲ್ಲ ತೂತು, ಚಳಿ ಅನ್ನಲ್ಲ. ಗಾಳಿಗೆ ದಾರಿ ಬಿಡ್ತಾನೆ, ಅದಕ್ಕೇ ಬೀಳಲ್ಲ. ಯಾರವನು?”

ಹಾಕಿ ಮುಗಿಸಿ, ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡುತ್ತಿದ್ದ. ಈ ನೋಟವೇ ಅವನಿಗೆ ಊಟಕ್ಕಿಂತ ಮಿಗಿಲು. ಉತ್ತರ ಬೇಕಾದವರು ‘ಸೋತೆ’ ಎನ್ನಬೇಕು. ಅದು ನಮ್ಮೂರ ಕಟ್ಟಳೆ. ಗೊತ್ತಿದ್ದವರೂ ಎಷ್ಟೋ ಸಲ ಬಾರ್ಟ್ಲಿಯ ಮುಖದ ಖುಷಿಗಾಗಿ ‘ಸೋತೆ’ ಎನ್ನುತ್ತಿದ್ದರು. ಕೊನೆಗೆ ಅವನು ಒಲೆಯ ಆ ಬದಿಯ ಗಿಡ್ಡ ಮಣೆಯ ಮೇಲೆ ಕಾಲ್ಚೀಲ ಹೆಣೆಯುತ್ತ ಕೂತ ಹೆಂಡತಿಯ ಕಡೆ ತಿರುಗುತ್ತಿದ್ದ.

“ನೀನಾದ್ರೂ ಹೇಳೇ, ಓನೋರಾ.”

“ನನಗೇನು ಗೊತ್ತು ಮಾರಾಯ. ಸೋತೆ. ನೀನೇ ಹೇಳು.”

ಮದುವೆಯಾದಾಗಿನಿಂದ ಅವಳ ಉತ್ತರ ಅದೊಂದೇ. ಕಡ್ಡಿಗಳ ಮೇಲಿನ ಕಣ್ಣು ಕೂಡ ಎತ್ತುತ್ತಿರಲಿಲ್ಲ. ಬಾರ್ಟ್ಲಿ ಆಗ ಎದೆ ಉಬ್ಬಿಸಿ ‘ಗೋಡೆ!’ ಎನ್ನುತ್ತಿದ್ದ, ಜನ ಹೋ ಎಂದು ತೊಡೆ ತಟ್ಟುತ್ತಿದ್ದರು. ಓನೋರಾ ಒಳ್ಳೆಯವಳು, ಕೈಕೆಲಸದಲ್ಲಿ ಚುರುಕು, ಆದರೆ ತಲೆ ಮಾತ್ರ ಸ್ವಲ್ಪ ನಿಧಾನ ಎಂಬುದು ಬಾರ್ಟ್ಲಿಯ ತೀರ್ಮಾನ. ಅದಕ್ಕಾಗಿ ಅವನೆಂದೂ ಅವಳನ್ನು ಹೀಯಾಳಿಸಿದವನಲ್ಲ. ಒಳಗೊಳಗೇ ಅದು ಅವನಿಗೆ ಹಿತವಾಗಿಯೇ ಇತ್ತು.

ಆ ವರ್ಷ ನವೆಂಬರಿನ ದೊಡ್ಡ ಗಾಳಿಮಳೆ ಕಳೆದ ಮರುದಿನ ದಡದ ತುಂಬ ಕಡಲ ಪಾಚಿ ಬಂದು ಬಿದ್ದಿತ್ತು. ಆಲೂಗಡ್ಡೆ ಪಾತಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ; ಊರಿಗೆ ಊರೇ ಬುಟ್ಟಿ ಹೊತ್ತು ಇಳಿದಿತ್ತು. ಬಾರ್ಟ್ಲಿ ಬಂಡೆಯ ಮೇಲೆ ಜಾರಿದ. ಮೊಣಕಾಲ ಕೆಳಗೆ ಮೂಳೆ ಲಟಕ್ಕೆಂದದ್ದು ಪಕ್ಕದಲ್ಲಿದ್ದ ಫೆಸ್ಟಿಗೂ ಕೇಳಿಸಿತಂತೆ. ಫೆಸ್ಟಿ ಅವನ ಬಾಲ್ಯದ ಗೆಳೆಯ, ನಳ್ಳಿ ಹಿಡಿಯುವವನು, ಹಿಂದಿನ ಬೇಸಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ. ಕತ್ತೆಯ ಬುಟ್ಟಿಯಿಂದ ಪಾಚಿಯನ್ನೆಲ್ಲ ಸುರಿದು, ಗೆಳೆಯನನ್ನು ಅದರ ಬೆನ್ನಿಗೆ ಹತ್ತಿಸಿ, ಅವನ ಬೈಗುಳಗಳನ್ನೆಲ್ಲ ಕೇಳಿಸಿಕೊಳ್ಳುತ್ತ ಮನೆಗೆ ತಂದವನು ಅವನೇ.

ಮೂಳೆ ಕೂರಿಸುವವನು ಬಂದು, ಎಳೆದು, ಪಟ್ಟಿ ಕಟ್ಟಿ, “ಸಂತ ಬ್ರಿಜಿತಳ ಹಬ್ಬದ ತನಕ ಈ ಕಾಲು ನೆಲ ಮುಟ್ಟಬಾರದು” ಎಂದು ಹೇಳಿ ಹೋದ. ಹಬ್ಬ ಬರುವುದು ಫೆಬ್ರವರಿಯಲ್ಲಿ. ಒಲೆಯ ಹಿಂದಿನ ಗೋಡೆಗೆ ಒತ್ತಿಕೊಂಡ ಒಳಕೋಣೆಯಲ್ಲಿ, ಬೆಚ್ಚಗಿರಲೆಂದು, ಬಾರ್ಟ್ಲಿಗೆ ಹಾಸಿಗೆಯಾಯಿತು.

ಮೊದಲ ವಾರ ಜನ ಇಬ್ಬಿಬ್ಬರಾಗಿ ಒಳಗೆ ಬಂದು ಕಾಲು ನೋಡಿ, ಲೊಚಗುಟ್ಟಿ, ಒಂದು ಚಿಟಿಕೆ ತಂಬಾಕು ಇಟ್ಟು ಹೋದರು. ಆದರೆ ಒಳಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ನಿಲ್ಲಲು ಜಾಗವಿರಲಿಲ್ಲ. ಬಂದವರು ಮತ್ತೆ ಒಲೆಯ ಮುಂದೆಯೇ ಕೂರತೊಡಗಿದರು. ಬಾರ್ಟ್ಲಿ ಹಾಸಿಗೆಯಿಂದಲೇ ಕೂಗಿ ಒಗಟು ಹಾಕಿ ನೋಡಿದ. “ಏನಂದ್ರಿ?” ಎಂದು ಅಲ್ಲಿಂದ ಕೇಳುವರು, ಇವನು ಮತ್ತೆ ಕೂಗುವನು. ಎರಡು ಸಲ ಕೂಗಿ ಹೇಳಿದ ಒಗಟಿನಲ್ಲಿ ಏನು ಸತ್ವ ಉಳಿಯುತ್ತದೆ? ನಾಲ್ಕು ದಿನಕ್ಕೆ ಬೇಸತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಹಾಗೆ ಮಲಗಿದ್ದಾಗ ಒಂದು ಸಂಜೆ ಆಚೆಯಿಂದ ಯಾರೋ ಹುಡುಗಿಯ ದನಿ ಕೇಳಿಸಿತು. “ಬಾರ್ಟ್ಲಿಗೆ ನಿದ್ದೆ ಹತ್ತಿದೆ. ಓನೋರಾ, ಇವತ್ತು ನೀವೇ ಒಂದು ಹಾಕಿ.”

“ನಾನಾ?” ಓನೋರಾ ನಕ್ಕಳು. “ನನಗೇನು ಬರುತ್ತೆ?”

“ಹಾಕೇ, ಹಾಕು,” ಎಂದ ಫೆಸ್ಟಿ. “ತಪ್ಪಿದ್ರೆ ನಾವೇನು ದಂಡ ಹಾಕ್ತೀವಾ?”

ಬಾರ್ಟ್ಲಿಗೆ ನಿದ್ದೆ ಹತ್ತಿರಲಿಲ್ಲ. ಪಾಪ, ಅವಳನ್ಯಾಕೆ ಪೇಚಿಗೆ ಸಿಕ್ಕಿಸುತ್ತಾರೆ ಎಂದುಕೊಂಡ. ಸ್ವಲ್ಪ ಹೊತ್ತು ಕಡ್ಡಿಗಳ ಟಿಕಟಿಕ. ಆಮೇಲೆ ಅವಳ ದನಿ, ಯಾವ ಏರಿಳಿತವೂ ಇಲ್ಲದೆ, ಹಿಟ್ಟಿಗೆ ಎಷ್ಟು ಉಪ್ಪು ಎಂದು ಹೇಳುವಂತೆ:

“ನಮ್ಮೂರಿಗೊಬ್ಬಳು ಸೋಮಾರಿ ಸೊಸೆ. ದಿನಕ್ಕೆರಡು ಸಲ ಬಂದು ಅಂಗಳ ತೊಳೀತಾಳೆ. ಕಸ ಮಾತ್ರ ಅಲ್ಲೇ ಬಿಟ್ಟು ಹೋಗ್ತಾಳೆ. ಆ ಕಸಕ್ಕೆ ಊರಿನವರೆಲ್ಲ ಜಗಳ ಆಡ್ತಾರೆ.”

ಆಮೇಲೆ ಫೆಸ್ಟಿ, “ಅಯ್ಯೋ ನಮ್ಮಪ್ಪಾ, ಕಡಲು! ಕಡಲ ಉಬ್ಬರ!” ಎಂದು ಚೀರಿದ. ಅದರ ಹಿಂದೆಯೇ ಎದ್ದ ನಗುವಿಗೆ ಒಲೆಯ ಮೇಲಿನ ಹಲಗೆಯ ತಟ್ಟೆಗಳು ಕೂಡ ಗಲಗಲ ಎಂದವು. ಬಾರ್ಟ್ಲಿ ಕತ್ತಲೆಯಲ್ಲಿ ಕಣ್ಣು ಬಿಟ್ಟ. ತನ್ನ ಗೋಡೆಯ ಒಗಟಿಗೆ ಇಂಥ ನಗು ಎಂದಾದರೂ ಬಂದಿತ್ತೇ? ಅವನ ಒಗಟಿಗೆ ಜನ ತೊಡೆ ತಟ್ಟುತ್ತಿದ್ದರು, ಅಷ್ಟೆ. ಇದು ಹೊಟ್ಟೆ ಹಿಡಿದುಕೊಂಡು ನಗುವ ನಗು.

ಬೆಳಿಗ್ಗೆ ಅವಳು ಓಟ್ಸ್ ಗಂಜಿ ತಂದಾಗ ಕೇಳಿದ. “ನಿನ್ನೆ ಹಾಕಿದ್ಯಲ್ಲ, ಯಾರದ್ದದು?”

“ಯಾವುದು?”

“ಸೋಮಾರಿ ಸೊಸೇದು. ಯಾರ ಹತ್ರ ಕಲ್ತೆ?”

“ಯಾರ ಹತ್ರಾನೂ ಇಲ್ಲ. ಪಾಚಿ ಹೊರುವಾಗ ಬಂತು.”

“ಬಂತು ಅಂದ್ರೆ?”

“ಬಂತು ಅಂದ್ರೆ ಬಂತು. ಬಾಯಿ ತೆರಿ, ಗಂಜಿ ಆರುತ್ತೆ.”

ಅವನು ಬಾಯಿ ತೆರೆದ. ತಾನು ಒಂದೊಂದು ಒಗಟಿಗೂ ಹೊಲದಲ್ಲಿ ವಾರಗಟ್ಟಲೆ ತಿಣುಕುತ್ತಿದ್ದದ್ದು ಅವನಿಗೆ ನೆನಪಾಯಿತು. ಇವಳಿಗೆ ಬೆನ್ನ ಮೇಲೆ ಒದ್ದೆ ಪಾಚಿ ಹೊತ್ತು ಏರು ಹತ್ತುವಾಗ ತಾನಾಗಿ ಬರುತ್ತದಂತೆ!

ಅಲ್ಲಿಂದ ಮುಂದೆ ದಿನಾ ಅದೇ ಆಯಿತು. ಅವಳು ಹಸುವಿನ ಒಗಟು ಹಾಕಿದಳು: “ಕರೆದ್ರೆ ಕೊಡ್ತಾಳೆ, ಕರೀದಿದ್ರೆ ಒದೀತಾಳೆ. ಯಾರ ಮನೆ ನೆಂಟಳು ಹೇಳಿ.” ಜನ ಕರೆಯದೆ ಬರುವ ನೆಂಟರನ್ನೆಲ್ಲ ನೆನೆಸಿಕೊಂಡು ಒಬ್ಬೊಬ್ಬರ ಹೆಸರು ಹೇಳುತ್ತ, ಬೈದುಕೊಳ್ಳುತ್ತ, ಕೊನೆಗೆ ಹಾಲು ಕರೆಯುವ ‘ಕರೆ’ ಎಂದು ಹೊಳೆದಾಗ ತಲೆ ಚಚ್ಚಿಕೊಂಡರು. ಒಲೆಯ ಇಕ್ಕಳದ ಮೇಲೊಂದು ಹಾಕಿದಳು. ಪಾದ್ರಿಗಳ ಕೊಡೆಯ ಮೇಲೊಂದು ಹಾಕಿದಳು. ಅದನ್ನು ಪಾದ್ರಿಗಳಿಗೂ ಯಾರೋ ಹೇಳಿ ಅವರೂ ನಕ್ಕರಂತೆ. ಬರುವವರ ಸಂಖ್ಯೆ ಹೆಚ್ಚಾಯಿತು. ಮೊದಲು ಕೇಳದ ಹೊಸ ದನಿಗಳು, ಗುಡ್ಡದಾಚೆಯ ಊರಿನವರ ಎಳೆತದ ಮಾತು, ಎಲ್ಲ ಗೋಡೆಯಾಚೆಯಿಂದ ಬಾರ್ಟ್ಲಿಯ ಕಿವಿಗೆ ಬೀಳುತ್ತಿತ್ತು. ಅವರಲ್ಲಿ ಎಷ್ಟೋ ಜನ ಒಳಕೋಣೆಗೆ ಇಣುಕಿ ‘ಕಾಲು ಹೇಗಿದೆ’ ಎಂದು ಕೇಳುವುದನ್ನೂ ಮರೆಯತೊಡಗಿದರು.

ಎಲ್ಲಕ್ಕಿಂತ ಅವನಿಗೆ ಇರಿಯುತ್ತಿದ್ದದ್ದು ಫೆಸ್ಟಿಯ ನಗು. ಹೆಂಡತಿ ಸತ್ತ ಮೇಲೆ ನಗುವುದನ್ನೇ ಮರೆತಿದ್ದ ಮನುಷ್ಯ. ಬಾರ್ಟ್ಲಿಯೇ ಎಷ್ಟೋ ಸಂಜೆ ಅವನನ್ನು ನಗಿಸಲೆಂದು ಇದ್ದಬದ್ದ ಒಗಟನ್ನೆಲ್ಲ ಹಾಕಿ ಸೋತಿದ್ದ. ಈಗ ಅದೇ ಫೆಸ್ಟಿ ಎಲ್ಲರಿಗಿಂತ ಮೊದಲು ನಗುತ್ತಿದ್ದ, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದ. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಂದು ದಿನ ಉಪ್ಪಿಗೆ ಹಾಕಿದ ಬಂಗುಡೆ, ಇನ್ನೊಂದು ದಿನ ನಳ್ಳಿ. ‘ಓನೋರಾ, ತಗೋ’ ಎನ್ನುತ್ತಿದ್ದ. ‘ಬಾರ್ಟ್ಲಿಗೆ’ ಎನ್ನುತ್ತಿರಲಿಲ್ಲ. ಆ ಮೀನನ್ನು ಕಾಯಿಲೆಯವನಿಗೆಂದೇ ತರುತ್ತಿದ್ದನೆಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಹಾಸಿಗೆಯಲ್ಲಿ ಮಲಗಿ ಗೋಡೆಯಾಚೆಯ ಮಾತನ್ನಷ್ಟೇ ಕೇಳುವವನಿಗೆ ಅರ್ಧ ಮಾತು ಕೇಳಿಸುತ್ತದೆ, ಉಳಿದರ್ಧ ಅವನೇ ಹೊಲಿದುಕೊಳ್ಳುತ್ತಾನೆ.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಮಳೆಯ ಮಧ್ಯಾಹ್ನ. ಹೊರಗೆ ಕೆಲಸವಿಲ್ಲದ್ದರಿಂದ ಜನ ಬೇಗನೇ ಬಂದು ಸೇರಿದ್ದರು. ಓನೋರಾ ಪೀಪಾಯಿಯಲ್ಲಿ ಬೆಣ್ಣೆ ಕಡೆಯುತ್ತಿದ್ದಳು. ನಮ್ಮಲ್ಲಿ ಬೆಣ್ಣೆ ಕಡೆಯುವ ಮನೆಗೆ ಬಂದವರು ತಾವೂ ನಾಲ್ಕು ಏಟು ಕಡೆಯಬೇಕು, ಇಲ್ಲದಿದ್ದರೆ ಬೆಣ್ಣೆ ಬರುವುದಿಲ್ಲವೆಂಬ ನಂಬಿಕೆ. ಕೋಲು ಕೈಯಿಂದ ಕೈಗೆ ಹೋಗುತ್ತಿತ್ತು. ಅದರ ದಬದಬಕ್ಕೆ ತಾಳ ಹಾಕಿದಂತೆ ಅವಳೆಂದಳು:

“ಒಂದು ಮನೇಲಿ ಒಬ್ಬ ಯಜಮಾನ. ಕೆಲಸ ಮಾಡೋಳು ಹೆಂಡ್ತಿ, ಊರಿಗೆಲ್ಲ ಕೂಗಿ ಹೇಳೋನು ಗಂಡ. ತಲೆ ಮೇಲೆ ಕಿರೀಟ, ಕಾಲಲ್ಲಿ ಕೆಸರು. ಯಾರು?”

ಹುಂಜ. ಬಾರ್ಟ್ಲಿಗೆ ತಕ್ಷಣ ಹೊಳೆಯಿತು. ಆದರೆ ಆಚೆ ಯಾರೂ ‘ಹುಂಜ’ ಎನ್ನಲಿಲ್ಲ. ಯಾರೋ ಒಬ್ಬರು ಮೂಗಿನಲ್ಲಿ ನಗು ತಡೆದರು. ಇನ್ಯಾರೋ “ಶ್... ಒಳಗೆ ಕೇಳಿಸುತ್ತೆ” ಎಂದರು. ಆಮೇಲೆ ಇಡೀ ಮನೆ ಒಡೆದು ಹೋಗುವ ಹಾಗೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಫೆಸ್ಟಿ.

ಬಾರ್ಟ್ಲಿ ಪಕ್ಕದಲ್ಲಿದ್ದ ಊರುಗೋಲು ತೆಗೆದು ಗೋಡೆಗೆ ಬಡಿದ. ಒಮ್ಮೆ ಬಡಿದವನು ನಿಲ್ಲಿಸಲಿಲ್ಲ. ಗೋಡೆಯ ಸುಣ್ಣ ಉದುರಿ ಹಾಸಿಗೆಯ ಮೇಲೆ ಬಿತ್ತು. ಓನೋರಾ ಓಡಿ ಬಂದಳು, ಅವಳ ಹಿಂದೆ ಫೆಸ್ಟಿ, ಕೈಯಲ್ಲಿ ಇನ್ನೂ ಚಹಾ ಬಟ್ಟಲು ಹಿಡಿದುಕೊಂಡು.

“ಏನಾಯ್ತೋ? ಕಾಲು ನೋಯ್ತಾ?” ಎಂದ ಫೆಸ್ಟಿ.

“ಕಾಲಲ್ಲ ಕಣೋ ನೋಯೋದು!” ಬಾರ್ಟ್ಲಿ ಎದ್ದು ಕೂತ. “ನಿನ್ನ ಹೆಂಡ್ತಿ ಗೋರಿ ಮೇಲೆ ಇನ್ನೂ ಹುಲ್ಲು ಹುಟ್ಟಿಲ್ಲ. ಆಗಲೇ ಇನ್ನೊಬ್ಬನ ಒಲೆ ಮುಂದೆ ಕೂತು ಹಲ್ಲು ಕಿಸೀತೀಯ. ಮೀನು ತರ್ತಾನಂತೆ ಮೀನು! ನಾನು ಸಾಯ್ಲಿ ಅಂತ ಕಾಯ್ತಿದ್ಯಾ? ಹೋಗು ಆಚೆ. ಎಲ್ರೂ ಹೋಗಿ. ಈ ಮನೆ ಬಾಗಿಲು ಇನ್ನು ಮುಚ್ಚಿತು!”

ಫೆಸ್ಟಿಯ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಚಿಕೊಂಡಿತು. ಅವನು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಟೋಪಿ ಹಾಕಿಕೊಂಡು ಹೊರಟುಹೋದ. ಉಳಿದವರೂ ಶಾಲು ಹೊದ್ದುಕೊಂಡು ಒಬ್ಬೊಬ್ಬರಾಗಿ ಮಳೆಗೆ ಇಳಿದರು. ಬೆಣ್ಣೆ ಆ ದಿನ ಬರಲೇ ಇಲ್ಲ.

ಓನೋರಾ ಹಾಸಿಗೆಯ ತುದಿಯಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

“ಆ ಪಾಪದ ಮನುಷ್ಯನ್ನ ಯಾಕೆ ಹಾಗಂದೆ? ನಿನಗೆ ಹೊಟ್ಟೆ ಉರಿ ಇರೋದು ನನ್ನ ಮೇಲೆ.”

“ನಿನ್ನ ಮೇಲೆ ನನಗೇನು ಉರಿ? ಹುಂಜ ಅಂದ್ಯಲ್ಲ ನನ್ನ, ಊರ ಮುಂದೆ.”

“ನಾನು ಹುಂಜಾನ ಹುಂಜ ಅಂದೆ. ಉಳಿದಿದ್ದು ಅವರು ಸೇರಿಸ್ಕೊಂಡ್ರು.” ಹಾಸಿಗೆಯ ಮೇಲೆ ಬಿದ್ದ ಸುಣ್ಣ ಕೊಡವುತ್ತ, “ನೀನೂ ಸೇರಿಸ್ಕೊಂಡೆ,” ಎಂದಳು.

“ಇದನ್ನೆಲ್ಲ ಯಾವಾಗ ಕಲ್ತೆ ನೀನು? ಒಂದು ದಿನಾನಾದ್ರೂ ನನ್ನ ಒಗಟು ಬಿಡಿಸಿದ್ಯಾ?”

ಆಗ ಓನೋರಾ ನಕ್ಕಳು. ಅದರಲ್ಲಿ ಖುಷಿಯಿರಲಿಲ್ಲ. “ಬಿಡಿಸಿದ್ದೆ. ಒಂದೇ ಸಲ. ಮದುವೆಯಾದ ಹೊಸತು, ಮೇಣದ ಬತ್ತಿ ಒಗಟು ಹಾಕಿದ್ದೆ ನೀನು. ನಾನು ಪಟ್ಟಂತ ಹೇಳ್ಬಿಟ್ಟೆ. ಎಲ್ರೂ ನಕ್ರು. ನೀನು ಊಟ ಬಿಟ್ಟು ಕೊಟ್ಟಿಗೇಲಿ ಹೋಗಿ ಮಲಗ್ದೆ. ಮಾರನೇ ದಿನ ನಿಮ್ಮಮ್ಮ ನನ್ನ ಬಾವಿ ಹತ್ರ ಕರ್ಕೊಂಡು ಹೋಗಿ ಹೇಳಿದ್ರು: ಹುಡುಗಿ, ಅವನಿಗೆ ಇರೋದು ಅದೊಂದೇ ಆಟದ ಸಾಮಾನು. ಕಿತ್ಕೋಬೇಡಮ್ಮ, ಅಂತ. ಅವತ್ತಿಂದ ಬಿಟ್ಟುಕೊಟ್ಟೆ.”

ಬಾರ್ಟ್ಲಿ ಊರುಗೋಲನ್ನು ಕೆಳಗಿಟ್ಟ. “ಎಲ್ಲಾನೂ? ಎಲ್ಲಾನೂ ಗೊತ್ತಿತ್ತಾ ನಿನಗೆ?”

“ಎಲ್ಲಾನೂ ಅಲ್ಲ.”

“ಗೋಡೇದು?”

“ಅದು ಗೊತ್ತಿತ್ತು.”

“ಹೊಗೇದು? ಆಲೂಗಡ್ಡೇದು? ಗಂಟೇದು?”

“ಹೊಗೇದು ಗೊತ್ತಿತ್ತು. ಗಂಟೇದು... ನೆನಪಿಲ್ಲ ಮಾರಾಯ. ಅದನ್ನೆಲ್ಲ ಯಾರು ಲೆಕ್ಕ ಇಟ್ಟಿರ್ತಾರೆ?”

ಅವನು ಲೆಕ್ಕ ಇಟ್ಟಿದ್ದ. ಗೋಡೆ ಕಟ್ಟುವವನಿಗೆ ಯಾವ ಕಲ್ಲು ಎಲ್ಲಿ ಕೂತಿದೆ ಎಂಬುದು ಗೊತ್ತಿರುವಂತೆ, ತನ್ನ ಗೆಲುವುಗಳೆಲ್ಲ ಅವನಿಗೆ ಗೊತ್ತಿದ್ದವು. ಈಗ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯುವ ಹಾಗಿರಲಿಲ್ಲ. ಇಷ್ಟು ವರ್ಷ ತನ್ನ ಎದುರಿಗೇ ಕೂತು, ಕಣ್ಣೆತ್ತದೆ ಕಾಲ್ಚೀಲ ಹೆಣೆಯುತ್ತಿದ್ದವಳ ತಲೆಯಲ್ಲಿ ಹೀಗೊಂದು ಕಣಜ ತುಂಬಿತ್ತು. ಅದರ ಬೀಗದ ಕೈ ತನಗೆ ತೋರಿಸಿರಲಿಲ್ಲ. ಫೆಸ್ಟಿಗೆ ತೋರಿಸಿದಳು, ಗುಡ್ಡದಾಚೆಯವರಿಗೆ ತೋರಿಸಿದಳು. ಬಾರ್ಟ್ಲಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ.

ಅವಳು ಎರಡು ದಿನ ಮುಚ್ಚಿದ ಬಾಗಿಲ ಮನೆಯಲ್ಲಿ ಸುಮ್ಮನಿದ್ದಳು. ಮೂರನೆಯ ದಿನ ಸಂಜೆ ಅವನಿಗೆ ಊಟ ಕೊಟ್ಟು, ಬೆಂಕಿಗೆ ಸೌದೆಯಂತೆ ಉರಿಯುವ ಒಣ ಜೌಗು ಮಣ್ಣಿನ ಹೆಂಟೆ ಒಟ್ಟಿ, ಉಲ್ಲನ್ ಬುಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡಳು.

“ಡೀಲಿಯಾ ಮನೇಗೆ ಹೋಗಿ ಬರ್ತೀನಿ. ಯಾರೂ ಬರದ ಮನೇಲಿ ನನಗೆ ಉಸಿರು ಕಟ್ಟುತ್ತೆ.”

ಡೀಲಿಯಾ ಅವರ ಮಗಳು. ಅದೇ ಊರಿನ ಮೇಲಿನ ಕೇರಿಗೆ ಕೊಟ್ಟಿತ್ತು. ಅವಳು ಹೋದ ಸ್ವಲ್ಪ ಹೊತ್ತಿಗೆ ದಾರಿಯಲ್ಲಿ ಹೆಜ್ಜೆ ಸದ್ದಾಯಿತು. ಯಾರೋ ಬಂದರು ಎಂದು ಕಿವಿ ನಿಮಿರಿಸಿದ. ಹೆಜ್ಜೆಗಳು ಬಾಗಿಲ ಮುಂದೆ ನಿಲ್ಲದೆ ಮೇಲಿನ ಕೇರಿಯ ಕಡೆ ಹೋದವು. ಮತ್ತೊಂದು ಗುಂಪು ಹೋಯಿತು. ಆಮೇಲೆ ಮೊಳೆ ಹೊಡೆದ ಬೂಟಿನ ಸದ್ದು, ಒಂದು ಕಾಲು ಸ್ವಲ್ಪ ಎಳೆದಂತೆ. ಫೆಸ್ಟಿ. ಅದೂ ನಿಲ್ಲಲಿಲ್ಲ.

ಆ ಜನವರಿಯಲ್ಲಿ ಬಾರ್ಟ್ಲಿ ಊರಿನವರ ಕಾಲುಗಳನ್ನೆಲ್ಲ ಸದ್ದಿನಿಂದಲೇ ಗುರುತಿಸಲು ಕಲಿತ. ಅವಳು ಮರಳಿ ಬರುವಾಗ ಕೆನ್ನೆ ಕೆಂಪಗಿರುತ್ತಿತ್ತು, ತುಟಿಯ ಕೊನೆಯಲ್ಲಿ ಇನ್ನೂ ಆರದ ನಗುವೊಂದು ಉಳಿದಿರುತ್ತಿತ್ತು. ಇವನನ್ನು ಕಂಡ ಕೂಡಲೇ ಅದನ್ನು ಒರೆಸಿಕೊಳ್ಳುತ್ತಿದ್ದಳು. ಏನು ಹಾಕಿದೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೇಳದಿದ್ದುದಕ್ಕೆ ಅವನ ಹೊಟ್ಟೆ ಉರಿಯುತ್ತಿತ್ತು, ಹೇಳದಿದ್ದುದಕ್ಕೆ ಇನ್ನೂ ಹೆಚ್ಚು.

ಸಂತ ಬ್ರಿಜಿತಳ ಹಬ್ಬ ಬಂತು. ಕಾಲು ಕೂಡಿತ್ತು, ಕೋಲೂರಿ ಭಾನುವಾರ ಇಗರ್ಜಿಗೆ ಹೋದ. ಪೂಜೆ ಮುಗಿದ ಮೇಲೆ ಗಂಡಸರೆಲ್ಲ ಗೋಡೆಗೆ ಒರಗಿ ಪೈಪು ಹಚ್ಚುವ ಹೊತ್ತಿಗೆ ಒಬ್ಬ ಹುಡುಗ ಹತ್ತಿರ ಬಂದ.

“ಬಾರ್ಟ್ಲಿ, ನಿಮ್ಮನ್ನೇ ಕೇಳೋಣ ಅಂತಿದ್ದೆ. ಶುಕ್ರವಾರ ಓನೋರಾ ಒಂದು ಹಾಕಿದ್ರು, ಯಾರಿಗೂ ಬಿಡಿಸೋಕಾಗ್ಲಿಲ್ಲ. ಸೋತೆ ಅನ್ನೋಕೆ ನಾವು ಒಪ್ಪಲಿಲ್ಲ, ಅವರು ಉತ್ತರ ಕೊಡಲಿಲ್ಲ. ನಿಮಗೆ ಹೇಳಿರ್ಬೇಕಲ್ಲ?”

ಗೋಡೆಗೆ ಒರಗಿದ್ದವರೆಲ್ಲ ಅವನ ಕಡೆ ನೋಡಿದರು.

“ಹೇಳಿದಾಳೆ,” ಎಂದ ಬಾರ್ಟ್ಲಿ. “ಗೊತ್ತು ನನಗೆ. ಹೇಳಲ್ಲ.”

ಹಾಗೆಂದು ಕೋಲೂರಿಕೊಂಡು ಹೊರಟುಬಿಟ್ಟ. ದಾರಿಯುದ್ದಕ್ಕೂ ಅವನ ಕಿವಿ ಬಿಸಿಯಾಗಿತ್ತು. ತನ್ನ ಹೆಂಡತಿಯ ಒಗಟು ಊರಿನ ಹುಡುಗರ ಬಾಯಲ್ಲೆಲ್ಲ ಇದೆ. ತನಗೆ ಉತ್ತರ ಹೋಗಲಿ, ಪ್ರಶ್ನೆಯೂ ಗೊತ್ತಿಲ್ಲ!

ಮರುದಿನ ಸಂಜೆ ಓನೋರಾ ಹೊರಟ ಮೇಲೆ ಅವನೂ ಹೊರಟ. ಹದವಾಗಿ ಜಿನುಗುತ್ತಿದ್ದ ಮಳೆ, ದಾರಿ ಕೆಸರು. ಡೀಲಿಯಾಳ ಮನೆಯ ಕಿಟಕಿಯಲ್ಲಿ ಬೆಳಕಿತ್ತು. ಒಳಗೆ ಹೋಗಲು ಮುಖವಿಲ್ಲದೆ, ಸೂರಿನ ಹುಲ್ಲಿನಿಂದ ಹನಿ ಕುತ್ತಿಗೆಗೆ ಬೀಳುತ್ತಿದ್ದರೂ ಅಲುಗಾಡದೆ, ಕಿಟಕಿಯ ಪಕ್ಕದಲ್ಲಿ ಗೋಡೆಗಂಟಿ ನಿಂತ. ಒಳಗೆ ಅವಳ ದನಿ:

“ಸರಿ, ಇನ್ನೊಂದ್ಸಲ ಹೇಳ್ತೀನಿ. ಹುಟ್ಟುವಾಗ ಬಾಯಿ ಮೊದಲು, ಬೆರಳು ಕೊನೆಗೆ. ಹೊಟ್ಟೆ ತುಂಬಿದ್ರೆ ನಡೆಯುತ್ತೆ, ಹಸಿದ್ರೆ ನೇತಾಡುತ್ತೆ.”

ಬಾರ್ಟ್ಲಿ ಯೋಚಿಸಿದ. ಬಾಯಿ ಮೊದಲು ಎಂದರೆ ಕರುವೇ? ಕರುವಿಗೆ ಬೆರಳೆಲ್ಲಿದೆ? ಬಾವಲಿಯೇ? ಅದು ನಡೆಯುವುದಿಲ್ಲ. ಮೀನಿನ ಬಲೆ? ದೋಣಿ? ಒಳಗೆ ಜನ ಒಬ್ಬೊಬ್ಬರಾಗಿ ಹೇಳುತ್ತಿದ್ದರು, ಅವಳು ‘ಅಲ್ಲ, ಅಲ್ಲ’ ಎನ್ನುತ್ತಿದ್ದಳು. ಕೊನೆಗೆ ಎಲ್ಲರೂ ಸೇರಿ “ಸೋತೆವು!” ಎಂದರು. ಬಾರ್ಟ್ಲಿ ಕಿಟಕಿಗೆ ಕಿವಿ ಹಚ್ಚಿದ. ಅವಳೇನೋ ಮೆಲ್ಲಗೆ ಹೇಳಿದಳು. ಅದೇ ಹೊತ್ತಿಗೆ ಕಡಲ ಕಡೆಯಿಂದ ಬೀಸಿದ ಗಾಳಿ ಮಾತನ್ನೆಲ್ಲ ಒಯ್ದಿತು. ಹಿಂದೆಯೇ ನಗುವಿನ ಅಬ್ಬರ. ನಗು ನಿಂತಾಗ ಅವರು ಬೇರೆ ಯಾವುದೋ ಮಾತಿಗೆ ಹೋಗಿದ್ದರು.

ಅವನು ಒಂದಷ್ಟು ಹೊತ್ತು ಮಳೆಯಲ್ಲೇ ನಿಂತ. ಮನೆಗೆ ಹೋಗೋಣವೆಂದು ತಿರುಗಿದ. ನಾಲ್ಕು ಹೆಜ್ಜೆ ಹೋದ. ಮತ್ತೆ ತಿರುಗಿದ. ಅರ್ಧ ಬಾಗಿಲಿನ ಚಿಲಕ ತೆಗೆದು, ತಲೆಯಿಂದ ನೀರು ಸುರಿಸಿಕೊಂಡು, ಒಳಗೆ ನಿಂತು ಕೇಳಿಯೇಬಿಟ್ಟ:

“ಏನೇ ಅದು ಉತ್ತರ?”

ಒಳಗಿದ್ದವರೆಲ್ಲ ತಿರುಗಿ ನೋಡಿದರು. ಡೀಲಿಯಾ “ಅಪ್ಪಾ, ಈ ಮಳೇಲಿ!” ಎಂದು ಬಟ್ಟೆ ತರಲು ಓಡಿದಳು. ಓನೋರಾ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಒಲೆಯ ಬಲಗಡೆ, ಒಗಟು ಹಾಕುವವರ ಕುರ್ಚಿಯಲ್ಲಿ, ಅವಳೇ ಕೂತಿದ್ದಳು. ಕಡ್ಡಿಗಳನ್ನು ಮಡಿಲಿಗಿಟ್ಟು ಗಂಡನನ್ನು ನೋಡಿದಳು.

“ಉತ್ತರ ಬೇಕಾದ್ರೆ ಕಟ್ಟಳೆ ಏನು?”

ಹುಟ್ಟಿದಾಗಿನಿಂದ ಬಾರ್ಟ್ಲಿ ಆ ಮಾತನ್ನು ಬೇರೆಯವರ ಬಾಯಿಂದ ಹೊರಡಿಸಿದ್ದನೇ ಹೊರತು ತಾನು ಆಡಿರಲಿಲ್ಲ. ಇನ್ನೊಂದು ಸಲ ಯೋಚಿಸಿ ನೋಡಿದ, ಏನೂ ಹೊಳೆಯಲಿಲ್ಲ.

“ಸೋತೆ,” ಎಂದ.

“ಕೇಳಿಸ್ಲಿಲ್ಲ, ಗಾಳಿ ಇದೆ,” ಎಂದಳು ಅವಳು.

“ಸೋತೆ ಕಣೇ, ಸೋತೆ! ಮೇಲಿನ ಕೇರೀಗೂ ಕೆಳಗಿನ ಕೇರೀಗೂ ಕೇಳ್ಲಿ, ಸೋತೆ!”

“ಕಾಲ್ಚೀಲ.”

ಎಲ್ಲರ ಕಣ್ಣೂ ಅವನ ಪಾದಕ್ಕೆ ಹೋಯಿತು. ಬೂಟಿನ ಮೇಲೆ ಇಣುಕುತ್ತಿದ್ದ, ನೆನೆದು ಜೋತುಬಿದ್ದ ಬೂದು ಬಣ್ಣದ ಉಲ್ಲನ್. ಬಾಯಿಯಿಂದ ಶುರುಮಾಡಿ ಬೆರಳ ತುದಿಯಲ್ಲಿ ಮುಗಿಸುವುದನ್ನು ಅವಳು ಅವನ ಎದುರಿಗೇ ಎಷ್ಟು ಸಾವಿರ ಸಂಜೆ ಮಾಡಿದ್ದಳೋ. ಬೆಂಕಿಯ ಮುಂದೆ ಒಣಗಲು ನೇತುಹಾಕಿದ್ದನ್ನು ಎಷ್ಟು ಸಲ ಅವನೇ ತೆಗೆದು ತೊಟ್ಟಿದ್ದನೋ. ಯಾರೋ ಮೊದಲು ನಕ್ಕರು. ಬಾರ್ಟ್ಲಿ ತಡೆಯಲು ನೋಡಿ, ಆಗದೆ, ಕೋಲಿನ ಮೇಲೆ ಭಾರ ಬಿಟ್ಟು ತಾನೂ ನಕ್ಕ. ನಗುತ್ತಲೇ ಇದ್ದರೂ ಎದೆಯಲ್ಲಿ ಒಂದು ಮುಳ್ಳು ಹಾಗೇ ಇತ್ತು. ಎಂಥ ಒಗಟು! ಇದು ತನ್ನದಾಗಬೇಕಿತ್ತು.

ಬೆಂಚಿನ ಮೇಲಿದ್ದ ಫೆಸ್ಟಿ ನಕ್ಕಿರಲಿಲ್ಲ. ಬಾರ್ಟ್ಲಿ ಅವನ ಮುಂದೆ ಹೋಗಿ ನಿಂತ.

“ಅವತ್ತು ನಾನಂದಿದ್ದು...”

“ಅದನ್ನ ಇನ್ನೊಂದ್ಸಲ ಹೇಳ್ಬೇಡ,” ಎಂದ ಫೆಸ್ಟಿ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. “ಕೂತ್ಕೋ. ಕಾಲು ನಿಂತ್ಕೊಳ್ಳೋ ಹಾಗಿಲ್ಲ ಇನ್ನೂ.”

ಮುಚ್ಚಿದ ಬಾಗಿಲು ಆ ವಾರವೇ ತೆರೆಯಿತು. ಒಲೆಯ ಮುಂದೆ ಇನ್ನೊಂದು ಕುರ್ಚಿ ಬಂತು. ಅದನ್ನು ಬಾರ್ಟ್ಲಿಯೇ ಮಾಡಿಸಿ ತಂದ. ಇಬ್ಬರೂ ಎದುರು ಬದುರು ಕೂತು ಒಗಟು ಹಾಕುವುದನ್ನು ನೋಡಲು ಎಲ್ಲಿಂದಲೋ ಜನ ಬರುತ್ತಿದ್ದರು. ಆದರೆ ಹೊಟ್ಟೆಕಿಚ್ಚು ಆರಿತೆಂದು ಹೇಳಿದರೆ ಸುಳ್ಳಾಗುತ್ತದೆ. ಜನ ಅವಳಿಗೆಷ್ಟು ನಕ್ಕರು, ತನಗೆಷ್ಟು ನಕ್ಕರು ಎಂದು ಮಲಗುವ ಮೊದಲು ಅವಳ ಹತ್ತಿರವೇ ತಕರಾರು ತೆಗೆಯುತ್ತಿದ್ದ. ಮದುವೆಮನೆಯಿಂದ ‘ಓನೋರಾ ಬರಲೇಬೇಕು, ಬಾರ್ಟ್ಲಿಯೂ ಬರಲಿ’ ಎಂದು ಕರೆ ಬಂದರೆ ಆ ‘ಯೂ’ ಅವನಿಗೆ ಎರಡು ದಿನ ಚುಚ್ಚುತ್ತಿತ್ತು. ಹೋಗುತ್ತಿದ್ದ ಮಾತ್ರ ತಪ್ಪದೆ.

ಬಿಟ್ಟುಕೊಡಕೂಡದೆಂದು ಅವನು ಅವಳಿಂದ ಮಾತು ತೆಗೆದುಕೊಂಡಿದ್ದ. ಅವಳು ಹಾಗೆಯೇ ನಡೆದುಕೊಂಡಳು. ಅವನು ಹಾಕಿದ್ದನ್ನೆಲ್ಲ ಬಾಯಿ ಮುಚ್ಚುವುದರೊಳಗೆ ಬಿಡಿಸಿ ಬಿಸಾಡಿದಳು. ಒಂದು ವಸಂತದಲ್ಲಿ ಆಲೂಗಡ್ಡೆ ಪಾತಿ ಮಾಡುವಾಗ ಅವನು ಸಲಿಕೆಗೆ ಒರಗಿ ಹೊಸದೊಂದು ಹಾಕಿದ:

“ಹೋಗೋ ಊರಿಗೆ ಬೆನ್ನು, ಬಿಟ್ಟ ಊರಿಗೆ ಕಣ್ಣು. ಆದ್ರೂ ದಾರಿ ತಪ್ಪಲ್ಲ. ಯಾರು?”

ಓನೋರಾ ಕೈಯಲ್ಲಿದ್ದ ಬಿತ್ತನೆ ಗಡ್ಡೆಯನ್ನು ಹಿಡಿದುಕೊಂಡೇ ನಿಂತಳು. ಒಂದು ಸಾಲು ನೆಟ್ಟಳು, ಇನ್ನೊಂದು ಸಾಲು ನೆಟ್ಟಳು. ಮಧ್ಯಾಹ್ನ ಚಹಾ ಕುಡಿಯುವಾಗಲೂ ಮಾತಾಡಲಿಲ್ಲ. ಸಂಜೆ ಬುಟ್ಟಿ ಎತ್ತಿಕೊಂಡು, “ಇಲ್ಲ ಮಾರಾಯ, ಸೋತೆ,” ಎಂದಳು.

“ದೋಣಿ ಹುಟ್ಟು ಹಾಕೋನು ಕಣೇ! ಬೆನ್ನು ಹಾಕಿ ಕೂತೇ ಅಲ್ವಾ ಹುಟ್ಟು ಹಾಕೋದು!” ಎಂದು ಕುಣಿದವನು ಅರ್ಧದಲ್ಲೇ ನಿಂತ. ಅವಳ ಅಪ್ಪ ದೋಣಿಯವನು. ಅವಳು ಹುಟ್ಟಿ ಬೆಳೆದದ್ದೇ ದೋಣಿಯಲ್ಲಿ.

“ನಿಜವಾಗ್ಲೂ ಗೊತ್ತಾಗ್ಲಿಲ್ವಾ?”

“ಇಲ್ಲ ಅಂದೆನಲ್ಲ.”

“ಆಣೆ ಮಾಡಿ ಹೇಳು.”

“ಒಗಟಿಗೆಲ್ಲ ಆಣೆ ಮಾಡ್ತಾರಾ? ಬಾ, ಹಸು ಕರೀಬೇಕು.”

ಅವಳಿಗೆ ನಿಜವಾಗಿಯೂ ಹೊಳೆದಿರಲಿಲ್ಲವಂತೆ. ಇಡೀ ದಿನ ತಲೆ ಕೆರೆದುಕೊಂಡೆ, ಕಣ್ಣ ಮುಂದಿನದ್ದೇ ಕಾಣಲಿಲ್ಲ ಎಂದು ಡೀಲಿಯಾಳ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ಡೀಲಿಯಾ ಅದನ್ನು ಓಡಿ ಬಂದು ಅಪ್ಪನಿಗೆ ಹೇಳಿದಳು, ಅಪ್ಪನಿಗೆ ಸಮಾಧಾನವಾಗಲಿ ಎಂದು. ಬಾರ್ಟ್ಲಿ ಪೈಪು ಕೆಳಗಿಟ್ಟು ಮಗಳ ಮುಖವನ್ನು ತುಂಬ ಹೊತ್ತು ನೋಡಿದ.

“ನೀನೂ ಅವಳ ಕಡೆ ಸೇರಿದ್ಯಾ?” ಎಂದ.